ನಡಾವಳಿಗೆ ಒಂದು ತಿದ್ದುಪಡಿ

ಮತ್ತೆ ನಕ್ಕ! ಅದೂ ಆ ವಕೀಲಮ್ಮನ ಎದುರಿಗೆ!

ಪಾತ್ರೆ ಕಾರ್ಖಾನೆಯ ಸಭಾ ಕೊಠಡಿ. ಮೇಜಿನ ಈ ಕಡೆ ಕಾರ್ಮಿಕ ಸಂಘದ ಕಾರ್ಯದರ್ಶಿ, ಆ ಕಡೆ ಆಡಳಿತದ ವಕೀಲೆ. ವಕೀಲೆಯ ಬೆನ್ನ ಹಿಂದೆ, ಮೂಲೆಯಲ್ಲಿ, ನಮ್ಮ ಹುಡುಗಿ. ಇಬ್ಬರ ಮಾತನ್ನೂ ನಡಾವಳಿ ಪುಸ್ತಕಕ್ಕೆ ಇಳಿಸುವುದು ಅವಳ ಕೆಲಸ.

"ಒಂದು ವರ್ಷ ದುಡಿದ ಗುತ್ತಿಗೆಯವರನ್ನ ಖಾಯಂ ಮಾಡ್ಲೇಬೇಕು ಮೇಡಂ," ಎಂದ ಅವನು.

"ಹಾಗೆ ಕೈ ಕಟ್ಟಿಹಾಕಿದ್ರೆ ಹೊಸಬರಿಗೆ ಕೆಲಸ ಯಾರು ಕೊಡ್ತಾರೆ ಸರ್?"

"ಹೊಸಬರ ಹೆಸರು ಹೇಳಿ ಹಳಬರನ್ನ ಮನೆಗೆ ಕಳ್ಸೋದು ಯಾವ ನ್ಯಾಯ?" ಎಂದು ಮತ್ತೆ ನಕ್ಕ.

ಜಗಳ ಆಡುವಾಗಲೂ ಅದೇನು ನಗು, ಅದೇನು ಸಲಿಗೆ!

ಅವಳ ಹೊಟ್ಟೆಗೆ ಬೆಂಕಿ ಬಿತ್ತು. ದಿನಾ ಕ್ಯಾಂಟೀನಿನಲ್ಲಿ ಎದುರು ಬಂದು ಕೂರುತ್ತಿದ್ದವನು, ಮಾತುಕತೆ ಶುರುವಾದ ಮೂರು ತಿಂಗಳಿಂದ ಇವಳತ್ತ ತಲೆಹಾಕಿಯೂ ಮಲಗಿರಲಿಲ್ಲ. ಇವಳದೂ ಗುತ್ತಿಗೆ ಕೆಲಸವೇ, ತಿಂಗಳ ಕೊನೆಗೆ ವರ್ಷದ ಅವಧಿ ಮುಗಿಯುತ್ತದೆ. ಕೆಲಸ ಹೋದರೆ ಹೋಗಲಿ, ಇವನೂ ಹೋದರೆ...?

ಸಿಟ್ಟಿನಲ್ಲಿ ಬರೆದೇಬಿಟ್ಟಳು: 'ಕಾರ್ಯದರ್ಶಿಯವರು ವಕೀಲರನ್ನು ನೋಡಿ ನಕ್ಕರು. ಇದು ಐದನೇ ಸಲ.'

ಬರೆದದ್ದನ್ನು ಮುಂದಿನ ಸಭೆಯಲ್ಲಿ ಗಟ್ಟಿಯಾಗಿ ಓದುತ್ತಾರೆ ಎಂಬುದು ಆಗ ಪಾಪ, ನೆನಪಿಗೇ ಬರಲಿಲ್ಲ!

ಸೋಮವಾರ ಒಪ್ಪಂದ ಕುದುರಿತು. ವರ್ಷ ತುಂಬಿದವರೆಲ್ಲ ಖಾಯಂ! ಸಹಿಯೂ ಬಿತ್ತು. ಉಳಿದದ್ದು ಹಿಂದಿನ ಸಭೆಯ ನಡಾವಳಿ. ಅದನ್ನು ವಕೀಲೆಯೇ ಓದಿದಳು.

"...ಇದು ಐದನೇ ಸಲ."

ಕೊಠಡಿಯಿಡೀ ಗೊಳ್ಳೆಂದಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು ಇವಳಿಗೆ.

"ನನ್ನನ್ನ ನೋಡಿ ನಗೋಕೆ ನನ್ನ ಯಜಮಾನ್ರೇ ಹೆದರ್ತಾರೆ ಕಣಮ್ಮಾ!" ಎಂದಳು ವಕೀಲೆ.

ಅವನು ಎದ್ದು ನಿಂತ. "ಒಂದು ತಿದ್ದುಪಡಿ ಇದೆ. ನಾನು ನೋಡಿ ನಕ್ಕಿದ್ದು ವಕೀಲರನ್ನಲ್ಲ. ಅವರ ಹಿಂದೆ ಕೂತು ಪೆನ್ನಿನ ಮೇಲೆ ಸಿಟ್ಟು ತೀರಿಸ್ಕೊಳ್ತಿದ್ದೋರನ್ನ."

ಅವಳ ಕಣ್ಣು ತುಂಬಿತು. ಎಲ್ಲರೂ ಹೊರಗೆ ಹೋಗುವವರೆಗೆ ತಡೆದುಕೊಂಡಳು.

"ಮತ್ತೆ ಮಾತು ಯಾಕೆ ಬಿಟ್ರಿ?"

"ನಿಮ್ಮ ಜೊತೆ ಓಡಾಡಿದ್ರೆ, ಪ್ರೀತಿಸಿದವಳಿಗೋಸ್ಕರ ವಾದ ಮಾಡ್ತಿದಾನೆ ಅಂತಿದ್ರು. ಇನ್ನೂರು ಜನರ ಅನ್ನಕ್ಕೆ ಕಲ್ಲು ಬೀಳ್ತಿತ್ತು."

ಪ್ರೀತಿಸಿದವಳು...! ಅವಳಿಗೆ ಆಮೇಲಿನದು ಕೇಳಿಸಲೇ ಇಲ್ಲ.

"ಮೊದಲೇ ಹೇಳ್ಬಾರದಿತ್ತಾ? ಮೂರು ತಿಂಗಳು ಹೊಟ್ಟೆ ಉರ್ಕೊಂಡು ಸತ್ತೆ ನಾನು!"

"ಈಗ ಕೇಳ್ತಿದೀನಲ್ಲ... ನನ್ನ ಮದುವೆ ಆಗ್ತೀರಾ?"

ಅವಳು ಕಣ್ಣೊರೆಸಿಕೊಂಡಳು.

"ಆಗ್ತೀನಿ. ಆದ್ರೆ ಇನ್ಮೇಲೆ ಆ ಮೇಡಂ ಎದುರಿಗೆ ಮುಖ ಗಂಟು ಹಾಕ್ಕೊಂಡೇ ಕೂರ್ಬೇಕು!"