ಏಳನೇ ರೋಗಿ

ಆ ಶನಿವಾರ ಸಂಜೆ ಡಾಕ್ಟರ್ ಅನಂತಪದ್ಮನಾಭ ತಮ್ಮ ಮೊದಲ ಲೇಖನ ಅಚ್ಚಾಗಿದ್ದ ವೈದ್ಯಕೀಯ ಪತ್ರಿಕೆಯನ್ನು ತಂದು ಅಪ್ಪನ ಕೈಗಿಟ್ಟರು. ಅಪ್ಪ ಅದನ್ನು ಕಣ್ಣಿಗೊತ್ತಿಕೊಂಡು ನನಗೆ ಕೊಟ್ಟು, ಎಂದಿನಂತೆ ಕಾವ್ಯವಾಚನಕ್ಕೆ ಕೂರಲು ಒಳಗೆ ಹೋದರು.

ಸೊಂಟದ ಕೀಲಿಗೆ ಉಕ್ಕಿನ ಗುಂಡು ಕೂರಿಸಿಕೊಂಡ ಹನ್ನೊಂದು ಜನರ ಕಾಲಿನ ನರಗಳ ಬಗ್ಗೆ ಬರೆದಿದ್ದರು. ಏಳನೆಯವಳು ನಾನು. ಇಪ್ಪತ್ತಾರು ವರ್ಷ, ಅವಿವಾಹಿತೆ, ಶಾಲಾ ಶಿಕ್ಷಕಿ. ಪಾದ ಮರಗಟ್ಟಿದೆ ಎನ್ನುತ್ತಾಳೆ. ಆದರೆ ಸೂಜಿ ತಾಗಿಸಿದಾಗಲೆಲ್ಲ ಹಿಂದಕ್ಕೆಳೆದುಕೊಳ್ಳುತ್ತಾಳೆ. ನರ ಸರಿಯಾಗಿದೆ, ದೂರು ಮನಸ್ಸಿನದು.

ನನ್ನ ಕಿವಿ ಬಿಸಿಯಾಯಿತು.

ಎಂಟು ತಿಂಗಳಿಂದ ಪ್ರತಿ ಶನಿವಾರ ಅವರು ಜಯನಗರದ ನಮ್ಮ ಮನೆಗೆ ಸೈಕಲ್ಲಿನಲ್ಲಿ ಬರುತ್ತಿದ್ದರು. ಪರೀಕ್ಷೆ ಹತ್ತು ನಿಮಿಷ. ಆಮೇಲೆ ಅಪ್ಪನ ಷಟ್ಪದಿ ಕೇಳುವ ನೆಪದಲ್ಲಿ ಜಗಲಿಯ ಬೆತ್ತದ ಕುರ್ಚಿಯಲ್ಲಿ ಒಂದು ಗಂಟೆ. ಅಪ್ಪ ಪದ್ಯದ ಕೊನೆಯಲ್ಲಿ ರಾಗ ಎಳೆದಾಗ ಅವರ ಕನ್ನಡಕ ಮೆಲ್ಲಗೆ ನನ್ನತ್ತ ತಿರುಗುತ್ತಿತ್ತು. ನಾನು ನೋಡಿದರೆ ತಟ್ಟನೆ ಗೋಡೆಯ ರಾಮನ ಪಟಕ್ಕೆ ಹಾರುತ್ತಿತ್ತು. ಆ ಕಳ್ಳನೋಟವನ್ನು ನೆನೆದು ವಾರವಿಡೀ ನಗುತ್ತಿದ್ದೆ.

ನಾನು ಕೇಳುವವಳು, ಮಾತಿನವಳಲ್ಲ. ಅವತ್ತು ಮಾತು ಬಂತು.

"ಏಳನೇ ರೋಗಿ ಯಾರು, ಡಾಕ್ಟ್ರೇ?"

ರೋಗಿಗಳ ಹೆಸರು ಹಾಕುವ ಪದ್ಧತಿ ಇಲ್ಲವೆಂದು ನಕ್ಕರು.

"ಸುಳ್ಳಿ ಅಂತ ಹಾಕೋ ಪದ್ಧತಿ ಇದೆಯಾ?"

ನಗು ನಿಂತಿತು. ತಾವು ಕಂಡದ್ದನ್ನೇ ಬರೆದದ್ದು, ಸೂಜಿ ತಂದಾಗಲೆಲ್ಲ ನಾನು ಕಾಲೆಳೆದುಕೊಂಡದ್ದು ನಿಜವಲ್ಲವೇ ಎಂದರು. ಕಳೆದ ವಾರ ಬಚ್ಚಲೊಲೆಯ ಕೆಂಡ ಪಾದದ ಮೇಲೆ ಬಿದ್ದಾಗ ಸುಟ್ಟ ವಾಸನೆಯಿಂದಲೇ ನನಗೆ ತಿಳಿದದ್ದು. ಅಮ್ಮ ಅದನ್ನೂ ನಾಟಕ ಅಂದಿದ್ದಳು. ಡಾಕ್ಟರಾದರೂ ನಂಬುತ್ತಾರೆ ಅಂದುಕೊಂಡಿದ್ದೆ. ಈಗ ಅಮ್ಮನಿಗೆ ಅಚ್ಚಾದ ಸಾಕ್ಷಿ ಸಿಕ್ಕಿತು.

"ಓದಿದೋರು ಬಗ್ಗಿ ಕಾಲು ಮುಟ್ಟೋಕೆ ಬಂದ್ರೆ ಹಾಗೇ ಚಾಚ್ಕೊಂಡಿರ್ಬೇಕಾ? ಸೂಜಿ ತಾಗಿ ಎಳ್ಕೊಂಡಿದ್ದಲ್ಲ. ನಿಮ್ಮ ಕೈ ಬರೋದು ಕಣ್ಣಿಗೆ ಕಾಣ್ತಿತ್ತು, ಅದಕ್ಕೆ."

ನಾನು ಸೆರಗಿನಿಂದ ಕಣ್ಣು ಕಟ್ಟಿಕೊಂಡು, ಈಗ ಚುಚ್ಚಿ ಅಂದೆ.

ಒಳಗಿಂದ ಅಪ್ಪನ ದನಿ ಬರುತ್ತಿತ್ತು. ಒಂದು ಪದ್ಯ ಮುಗಿಯಿತು, ಇನ್ನೊಂದು ಶುರುವಾಯಿತು. ಯಾವಾಗ ಚುಚ್ಚುತ್ತೀರಿ ಎಂದು ಕೇಳಿದೆ. ಸೆರಗು ಸರಿಸಿದರೆ, ಪಾದದ ಮೇಲೆ ಸಾಲಾಗಿ ಐದು ರಕ್ತದ ಹನಿ. ಪಾದ ಅವರ ಅಂಗೈಯಲ್ಲಿತ್ತು. ಕಂಡ ಕೂಡಲೇ ತಾನಾಗಿ ಹಿಂದೆ ಸರಿಯಿತು.

ಅವರ ಮುಖ ಬಿಳಿಚಿತ್ತು. ಕ್ಷಮಿಸಿ ಅಂದರು.

"ಕ್ಷಮೆ ನನ್ ಹತ್ರ ಬೇಡ. ಅಚ್ಚಲ್ಲಿ ಅಂದಿದ್ದನ್ನ ಅಚ್ಚಲ್ಲೇ ವಾಪಸ್ ತಗೊಳ್ಳಿ. ಅಲ್ಲೀವರ್ಗೂ ಈ ಮೆಟ್ಟಿಲು ಹತ್ತಬೇಡಿ."

ಲೇಖನದಲ್ಲಿ ತಮ್ಮ ಪ್ರೊಫೆಸರರ ಹೆಸರೇ ಮೊದಲಿದೆ, ಅವರು ಒಪ್ಪುವುದಿಲ್ಲ ಎಂದು ಏನೋ ಹೇಳಲು ಹೊರಟರು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ನಾಲ್ಕು ತಿಂಗಳು ಬರಲಿಲ್ಲ. ಬೆತ್ತದ ಕುರ್ಚಿಯನ್ನು ನಾನೇ ಎತ್ತಿ ಹಿತ್ತಲಿಗೆ ಹಾಕಿದೆ. ದೇವರ ಮುಂದೆ ಕೂತರೂ ಕೋಪವೇ. ರಸ್ತೆಯಲ್ಲಿ ಸೈಕಲ್ ಬೆಲ್ ಕೇಳಿದರೆ ಕಿವಿ ನೆಟ್ಟಗಾಗುತ್ತಿತ್ತಲ್ಲ, ಆ ಕಿವಿಯ ಮೇಲೂ ಕೋಪ.

ಒಂದು ಶನಿವಾರ ಬೆಲ್ ನಮ್ಮ ಗೇಟಿನಲ್ಲೇ ನಿಂತಿತು. ಅವರು ಮೆಟ್ಟಿಲ ಕೆಳಗೇ ನಿಂತು ಹೊಸ ಸಂಚಿಕೆಯನ್ನು ಚಾಚಿದರು. ಒಂದು ಮೂಲೆಯಲ್ಲಿ ಎಂಟು ಸಾಲು, ಕೆಳಗೆ ಅವರೊಬ್ಬರದೇ ಹೆಸರು. "ಏಳನೇ ರೋಗಿ ಹೇಳಿದ್ದು ನಿಜ; ಆಕೆಯ ಕಣ್ಣು ಮುಚ್ಚಿಸದೆ ಪರೀಕ್ಷಿಸಿದ್ದು ನನ್ನ ತಪ್ಪು."

ಎರಡು ಸಲ ಓದಿದೆ. ಪ್ರೊಫೆಸರು ಏನಂದರೆಂದು ಕೇಳಿದೆ. ಸಂಶೋಧನೆಯಿಂದ ತೆಗೆದು ಜ್ವರದ ವಾರ್ಡಿಗೆ ಹಾಕಿದ್ದಾರಂತೆ.

"ನನ್ ಕೋಪ ಇನ್ನೂ ಹೋಗಿಲ್ಲ" ಅಂದೆ.

"ಇರ್ಲಿ. ನ್ಯಾಯವಾದ ಕೋಪ." ಕನ್ನಡಕ ಈ ಸಲ ಎಲ್ಲೂ ಹಾರಲಿಲ್ಲ. "ವಾರಿಜಾ, ಕಾಲುಂಗುರ ತೊಡಿಸೋವಾಗ ಕಾಲು ಹಿಡೀಲೇಬೇಕಾಗುತ್ತೆ. ಆಗ್ಲೂ ಎಳ್ಕೋತೀರಾ?"

ಒಳಗೆ ಅಪ್ಪ ಪದ್ಯ ಶುರುಮಾಡಿದ್ದರು. ನಾನು ಹಿತ್ತಲಿಗೆ ಹೋಗಿ ಬೆತ್ತದ ಕುರ್ಚಿ ತಂದು, ಧೂಳು ಒರೆಸಿ, ಇದ್ದ ಜಾಗದಲ್ಲೇ ಇಟ್ಟೆ.

"ಎಳ್ಕೊಳ್ಳಲ್ಲ. ಆದ್ರೆ ತೊಡಿಸಿದ್ದು ನನಗೆ ತಿಳಿಯಲ್ಲ, ಡಾಕ್ಟ್ರೇ. ಅದಕ್ಕೇ ಅವತ್ತು ಕಣ್ಣು ಮುಚ್ಚಲ್ಲ, ನೋಡ್ತಾನೇ ಇರ್ತೀನಿ. ಈಗ ಮೆಟ್ಟಿಲು ಹತ್ತಿ."