ಕನಾಮೆಯ ಬಾಯಲ್ಲಿ ಅವಳ ಮಾತು

ಟ್ಯಾಮ್ಸಿನ್ ಪೂರ್ತಿ ಒಂದು ನಿಮಿಷ ಬೈದಳು. ದುಭಾಷಿ ಕನಾಮೆ ಅದನ್ನು ಜಪಾನಿಯಲ್ಲಿ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟ!

ಜಪಾನಿನ ಹಿಮಿ ಊರಿನ ಮಹಿಳಾ ಫುಟ್‌ಬಾಲ್ ತಂಡಕ್ಕೆ ಇಂಗ್ಲೆಂಡಿನಿಂದ ಬಂದ ಹೊಸ ಗೋಲ್‌ಕೀಪರ್ ಅವಳು. ಅಂದು ಮೊದಲ ದಿನದ ಅಭ್ಯಾಸ. ಚೆಂಡು ಬಂದಾಗಲೆಲ್ಲ ಡಿಫೆಂಡರ್ ಮಿಸಾಟೊ, ದೊಡ್ಡವರಿಗೆ ದಾರಿ ಬಿಟ್ಟಂತೆ ಮರ್ಯಾದೆಯಿಂದ ಪಕ್ಕಕ್ಕೆ ಸರಿಯುತ್ತಿದ್ದಳು. ಚೆಂಡು ಇಬ್ಬರ ನಡುವೆ ನುಸುಳಿ ಬಲೆ ಸೇರುತ್ತಿತ್ತು. ಮೈ ಉರಿಯದೆ ಇರುತ್ತದೆಯೇ?

"ಅಷ್ಟುದ್ದ ಬೈದಿದ್ದನ್ನ ಇಷ್ಟೇ ಇಷ್ಟು ಮಾಡಿದ್ರಾ?" ಎಂದು ಟ್ಯಾಮ್ಸಿನ್ ಕನಾಮೆಯನ್ನು ಕೇಳಿದಳು.

"ಮುಖ್ಯವಾದ್ದೆಲ್ಲಾ ಹೇಳಿದೀನಿ, ಟ್ಯಾಮ್ಸಿನ್ ಸಾನ್," ಎಂದ ಅವನು ನೆಲ ನೋಡುತ್ತಾ. ಕಿವಿಗಳೆರಡೂ ಕೆಂಪಾಗಿದ್ದವು.

ಆ ಕೆಂಪು ಕಿವಿ ಅವಳ ತಲೆಯಲ್ಲಿ ಕೂತುಬಿಟ್ಟಿತು.

ಎಂಟು ತಿಂಗಳು... ಬ್ಯಾಂಕು, ಹಲ್ಲಿನ ಡಾಕ್ಟರು, ಯಾವ ದಿನ ಯಾವ ಕಸ ಹೊರಗಿಡಬೇಕು, ಎಲ್ಲಕ್ಕೂ ಕನಾಮೆಯೇ. ಆದರೂ ಅವಳಿಗೆ ನೆಮ್ಮದಿಯಿಲ್ಲ. ಮನೆಯಲ್ಲಿ ಕೂತರೆ ಹೊರಗೆ ಓಡಬೇಕು, ಹೊರಗೆ ಹೋದರೆ ಮನೆಗೆ ಮರಳಬೇಕು. ಅವನು ಬಂದರೆ ರೇಗುತ್ತದೆ. ಬರದಿದ್ದರೆ ಇನ್ನೂ ರೇಗುತ್ತದೆ. ಇದಕ್ಕೇನು ಹೆಸರೆಂದು ಅವಳಿಗೆ ಗೊತ್ತಿತ್ತು. ಒಪ್ಪಿಕೊಳ್ಳುವ ಮನಸ್ಸಿರಲಿಲ್ಲ, ಅಷ್ಟೇ.

ಸೋತ ದಿನ ತಂಡದವರೆಲ್ಲ ಸುತ್ತ ಕೂತು, ಒಬ್ಬೊಬ್ಬರಾಗಿ ತಮ್ಮ ತಪ್ಪು ಹೇಳಿಕೊಳ್ಳುವುದು ಇಲ್ಲಿನ ರೂಢಿ. ಅಕ್ಟೋಬರಿನ ಒಂದು ಸೋಲಿನ ನಂತರ ಟ್ಯಾಮ್ಸಿನ್ ಸರದಿ ಬಂತು. ಗೋಲು ತನ್ನಿಂದ ಆಗಿಲ್ಲ, ಮಿಸಾಟೊ ಜಾಗ ಬಿಟ್ಟಿದ್ದಳು ಎಂದು ಸಿಡುಕಿದಳು. ಕನಾಮೆ ಮೆಲ್ಲಗೆ ಏನೋ ಹೇಳಿದ. ಎಲ್ಲರೂ ಅವಳಿಗೆ ತಲೆಬಾಗಿದರು.

ಮರುದಿನ ಮಿಸಾಟೊ ಒಂದು ಚೀಲ ಪರ್ಸಿಮನ್ ಹಣ್ಣು ಹಿಡಿದು ಬಾಗಿಲಿಗೆ ಬಂದಳು. ತಪ್ಪನ್ನೆಲ್ಲ ನೀವೇ ಹೊತ್ತುಕೊಂಡಿರಿ, ಅದಕ್ಕೇ ನನಗೆ ರಾತ್ರಿ ನೆಮ್ಮದಿಯ ನಿದ್ದೆ ಬಂತು ಎಂದು ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿ ಕಣ್ಣೊರೆಸಿಕೊಂಡಳು.

ಓಹೋ... ಇದಾ ಸಮಾಚಾರ!

ಟ್ಯಾಮ್ಸಿನ್ ನೇರ ಕನಾಮೆಯ ಬಳಿ ಹೋದಳು. "ನನ್ನ ಬಾಯಿಗೆ ಕ್ಷಮೆ ತುರುಕೋಕೆ ನೀವ್ಯಾರು? ಈ ಊರಿನವರು ಇಷ್ಟಪಡೋದು ನನ್ನನ್ನಲ್ಲ. ನೀವು ಕಟ್ಟಿ ನಿಲ್ಲಿಸಿರೋ ಯಾವುದೋ ಒಳ್ಳೇ ಹುಡುಗೀನ."

"ನೀವು ಇಲ್ಲಿ ಒಂಟಿಯಾಗಬಾರದು ಅಂತ..." ಎಂದ.

ಅದೇ ವಾರ ಇಂಗ್ಲೆಂಡಿನ ಒಂದು ತಂಡ ಅವಳನ್ನು ಕರೆಯಿತು. ಸೋಮವಾರದೊಳಗೆ ಉತ್ತರ ಬೇಕಿತ್ತು. ಅವಳು ಕೋಪದಲ್ಲೇ ಕನಾಮೆಯನ್ನು ಮ್ಯಾನೇಜರ್ ಮುಂದೆ ಕರೆದೊಯ್ದು, "ನಾನು ಹೊರಟೆ ಅಂತ ಹೇಳಿ," ಅಂದಳು. ಒಳಗೊಳಗೇ ಮಾತ್ರ ಬೇಡಿಕೊಂಡಳು.

'ಬದಲಾಯಿಸು ಮಾರಾಯ... ಇಷ್ಟು ದಿನ ನನ್ನ ಮಾತನ್ನೆಲ್ಲ ತಿದ್ದಿದವನು ಇದೊಂದನ್ನು ತಿದ್ದಬಾರದೇ?'

ಕನಾಮೆ ಒಂದಕ್ಷರವೂ ಬದಲಿಸದೆ ಹೇಳಿದ. ಅಷ್ಟು ಜಪಾನಿ ಅವಳಿಗೂ ಬರುತ್ತಿತ್ತು. ಮನೆಗೆ ಬಂದವಳೇ ಬಿಕ್ಕಿ ಬಿಕ್ಕಿ ಅತ್ತಳು.

ಭಾನುವಾರ ಕೊನೆಯ ಪಂದ್ಯ. ಎತ್ತರದ ಚೆಂಡೊಂದಕ್ಕೆ ಮುನ್ನುಗ್ಗಲು ಅವಳೇ ತಡಮಾಡಿದಳು. ಆ ಗಳಿಗೆಯಲ್ಲಿ ಕಣ್ಣು ಕನಾಮೆ ಕೂತಿದ್ದ ಬೆಂಚಿನತ್ತ ಹೋಗಿತ್ತು. ಒಂದು ಗೋಲಿನಿಂದ ಸೋತರು.

ಎಲ್ಲರೂ ಸುತ್ತ ಕೂತರು. ಅವಳ ಸರದಿಯಲ್ಲಿ ಕನಾಮೆ ಬಾಯಿ ತೆರೆಯುವ ಮೊದಲೇ, ತಪ್ಪು ನನ್ನದು ಎಂದು ಅವಳೇ ತೊದಲು ಜಪಾನಿಯಲ್ಲಿ ಹೇಳಿದಳು. ಹೇಳಿದ ಮೇಲೆ ಮನಸ್ಸು ಹಗುರಾಯಿತು.

ಮಿಸಾಟೊ ಹಿಂದಕ್ಕೆ ತಿರುಗಿದಳು. "ಕನಾಮೆ ಸಾನ್, ಬೇರೆಯವರ ತಪ್ಪೆಲ್ಲಾ ಚೆನ್ನಾಗಿ ಹೇಳ್ತೀರ. ನಿಮ್ದೇನೂ ಇಲ್ವಾ?"

ಹುಡುಗಿಯರು ನಕ್ಕರು. ಅವನು ನಗಲಿಲ್ಲ. ಮಂಡಿ ಮಡಿಸಿ ಕೂತು ಏನೋ ಹೇಳಿದ. ನಗು ಗಕ್ಕನೆ ನಿಂತಿತು. ಟ್ಯಾಮ್ಸಿನ್‌ಗೆ ತನ್ನ ಹೆಸರು ಬಿಟ್ಟು ಬೇರೇನೂ ತಿಳಿಯಲಿಲ್ಲ.

"ಏನಂದ್ರಿ? ಇದ್ದದ್ದು ಇದ್ದ ಹಾಗೆ ಹೇಳಿ."

"ಅವತ್ತು ಮ್ಯಾನೇಜರ್ ಮುಂದೆ, ಹೋಗ್ಬೇಡಿ ಅನ್ನಬೇಕಿತ್ತು. ಅದು ನಿಮ್ಮ ಮಾತಲ್ಲ, ನನ್ನದು. ಅದಕ್ಕೇ ನುಂಗ್ಕೊಂಡೆ... ತಪ್ಪು ನಂದು. ನೀವಂದ್ರೆ ನಂಗೆ ಪ್ರಾಣ."

ಅವಳ ಕಣ್ಣು ತುಂಬಿ ಬಂತು. "ನಂಗೂ ಅಷ್ಟೇ... ಮ್ಯಾನೇಜರ್‌ಗೆ ಹೇಳಿ, ನಾನು ಎಲ್ಲಿಗೂ ಹೋಗಲ್ಲ ಅಂತ."

"ನೀವೇ ಹೇಳಿ, ಟ್ಯಾಮ್ಸಿನ್," ಎಂದ ಅವನು, ಮೊದಲ ಸಲ ಹೆಸರಿಗೆ ಆ ಮರ್ಯಾದೆಯ ಸಾನ್ ಸೇರಿಸದೆ. "ನಂಗೀಗ ಮಾತೇ ಹೊರಡ್ತಿಲ್ಲ."