ಒತ್ತಿ, ಹಿಡ್ಕೊಳ್ಳಿ, ಬಿಡಿ

"ನಿಮ್ಮ ರಿಪೇರಿ ನಂಬ್ಕೊಂಡು ಇವತ್ತು ಸೀದಾ ಕಣಿವೆಗೆ ಹೋಗ್ತಿದ್ದೆ, ಮೇಸ್ತ್ರಿಯವ್ರೇ."

ಲಿಬಾರ್ದೊ ಬೈಕಿನಿಂದ ಇಳಿಯದೆಯೇ ಅಂದ. ಅವನ ಬೆನ್ನ ಹಿಂದೆ ಹಗ್ಗ ಬಿಗಿದು ಕಟ್ಟಿದ್ದ ಬಿಳಿ ಟೋಪಿಗಳ ಗೋಪುರ ಒಂದು ಪಕ್ಕಕ್ಕೆ ವಾಲಿತ್ತು. ಸಂದೋನಾ ಊರಿನ ಹೆಂಗಸರು ನಾರಿನಲ್ಲಿ ಹೆಣೆದ ಟೋಪಿಗಳನ್ನು ಕೊಂಡು, ಗಲೇರಾಸ್ ಜ್ವಾಲಾಮುಖಿ ಬೆಟ್ಟವನ್ನು ಬಳಸಿ ಪಾಸ್ತೊ ಪೇಟೆಗೆ ಒಯ್ದು ಮಾರುವುದು ಅವನ ಕಸುಬು. ಆ ಇಳಿಜಾರಿನಲ್ಲಿ ಹಿಂದಿನ ಬ್ರೇಕ್ ಕೈಕೊಟ್ಟರೆ ದೇವರೇ ಗತಿ.

ಒಮೈರಾ ಕೈಯಲ್ಲಿದ್ದ ಸ್ಪ್ಯಾನರನ್ನು ನಿಧಾನವಾಗಿ ಕೆಳಗಿಟ್ಟಳು. ಹೋದ ವಾರವಷ್ಟೇ ಆ ಬೈಕಿನ ಹಿಂದಿನ ಬ್ರೇಕಿಗೆ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಬಿಚ್ಚಿ, ಹೊಸ ರಬ್ಬರ್ ಹಾಕಿ ಕೊಟ್ಟಿದ್ದಳು. ಊರಿನಲ್ಲಿ ಗ್ಯಾರೇಜ್ ಇಟ್ಟ ಹೆಂಗಸು ಅವಳೊಬ್ಬಳೇ. ಅವಳ ಕೆಲಸಕ್ಕೆ ಕೊಂಕು ತೆಗೆಯುವವರು ಮೊದಮೊದಲು ಬೇಕಾದಷ್ಟು ಮಂದಿ ಇದ್ದರು. ಈಚೆಗೆ ಯಾರೂ ಇರಲಿಲ್ಲ.

"ಇಳೀರಿ," ಅಂದಳು. "ನಿಮ್ಮ ಕಣ್ಣೆದುರಿಗೇ ಬಿಚ್ತೀನಿ. ತಪ್ಪು ನಂದಾದ್ರೆ ಇವತ್ತೇ ಬಾಗಿಲು ಹಾಕ್ತೀನಿ. ನಿಮ್ದಾದ್ರೆ ಬೀದಿಗೆಲ್ಲ ಕೇಳೋ ಹಾಗೆ ಒಪ್ಕೋಬೇಕು."

ಅವನು ಇಳಿದ. ಬಾಗಿಲ ಬಳಿ ಕೂತು ಟೋಪಿ ಹೆಣೆಯುತ್ತಿದ್ದ ಅವಳ ತಾಯಿ ರೊಸೌರಾ, ಬಾಯಿ ಮುಚ್ಚಿಕೊಂಡು ನಕ್ಕಳು.

ಪೆಡಲಿನ ಪಕ್ಕದಿಂದ ಸಿಲಿಂಡರನ್ನು ಕಳಚಿ, ರಬ್ಬರ್ ಮುಸುಕು ಸರಿಸಿ, ಲಾಕ್ ತೆಗೆದಳು. ಪಿಸ್ಟನ್ನು ಸ್ಪ್ರಿಂಗಿನ ಜೊತೆ ಅವಳ ಅಂಗೈಗೆ ಜಾರಿತು. ಎಲ್ಲವನ್ನೂ ಹೊಸ ಬ್ರೇಕ್ ಆಯಿಲಿನಲ್ಲೇ ತೊಳೆದಳು. ಪೆಟ್ರೋಲ್ ತಾಗಿದರೆ ರಬ್ಬರ್ ಉಬ್ಬಿಕೊಳ್ಳುತ್ತದೆ ಎಂದು ಅವನಿಗೆ ಕೇಳುವಂತೆ ಗೊಣಗಿದಳು. ಸಿಲಿಂಡರಿನ ಒಳಗನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದಳು. ಗೀರಿಲ್ಲ, ತುಕ್ಕಿಲ್ಲ.

"ನೀವೇ ನೋಡಿ," ಎಂದು ಅವನ ಕಡೆ ಚಾಚಿದಳು.

ಅವನು ಬಗ್ಗಿ ಇಣುಕಿದ. ಆ ಪುಟ್ಟ ಕೊಳವೆಯ ಆಚೆ ತುದಿಯಲ್ಲಿ ಕಂಡದ್ದು ಅವಳ ಕಣ್ಣು. ಇಬ್ಬರೂ ಒಂದು ಕ್ಷಣ ಹಾಗೆಯೇ ಇದ್ದರು. ಮೊದಲು ಕಣ್ಣು ತೆಗೆದವಳು ಅವಳೇ.

ಎಲ್ಲ ಜೋಡಿಸಿ, ಆಯಿಲ್ ತುಂಬಿ, ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯಲು ಹಿಂದಿನ ಚಕ್ರದ ಬಳಿ ಕುಳಿತಳು. ಇದಕ್ಕೆ ಇಬ್ಬರು ಬೇಕು. ಅವನು ಬೈಕಿನ ಮೇಲೆ ಕೂತು ಪೆಡಲಿಗೆ ಕಾಲಿಟ್ಟ.

"ಒತ್ತಿ."

ಒತ್ತಿದ.

"ಹಿಡ್ಕೊಳ್ಳಿ." ಅವಳು ಗಾಳಿ ಬಿಡುವ ನಿಪ್ಪಲ್ ಸಡಿಲಿಸಿದಳು. ಅದಕ್ಕೆ ಸಿಕ್ಕಿಸಿದ್ದ ಪಾರದರ್ಶಕ ಪೈಪಿನಲ್ಲಿ ಸಾಸಿವೆಯಂಥ ಗುಳ್ಳೆಗಳು ಸಾಲಾಗಿ ಓಡಿದವು. ಮತ್ತೆ ಬಿಗಿದು, "ಬಿಡಿ," ಅಂದಳು.

"ಜೀವನದಲ್ಲಿ ಯಾವ ಹೆಣ್ಣಿನ ಮಾತನ್ನೂ ಇಷ್ಟು ಕೇಳಿರ್ಲಿಲ್ಲ," ಅಂದ ಅವನು.

"ಅದಕ್ಕೇ ಇನ್ನೂ ಮದ್ವೆ ಆಗಿಲ್ಲ ಅನ್ಸುತ್ತೆ. ಒತ್ತಿ."

ಕೆಲಸ ಮುಗಿದ ಮೇಲೆ ಬೈಕನ್ನು ನಡು ಸ್ಟ್ಯಾಂಡಿಗೆ ಹಾಕಿ ಚಕ್ರವನ್ನು ಜೋರಾಗಿ ತಿರುಗಿಸಿ, ಪೆಡಲನ್ನು ಅಂಗೈಯಿಂದ ಒತ್ತಿದಳು. ಚಕ್ರ ಗಕ್ಕನೆ ನಿಂತಿತು. ಅವನಿಗೂ ಒತ್ತಲು ಹೇಳಿದಳು. ಅವನು ಒತ್ತಿದಾಗ ಚಕ್ರ ನಿಧಾನವಾಗಿ, ಮನಸ್ಸಿಲ್ಲದ ಹಾಗೆ, ಇನ್ನೊಂದು ಸುತ್ತು ತಿರುಗಿ ನಿಂತಿತು.

ಒಮೈರಾ ನಕ್ಕುಬಿಟ್ಟಳು. "ಟೋಪಿ ಮಾರೋರು ನಮಗೇ ಟೋಪಿ ಹಾಕೋಕೆ ಬಂದ್ರಾ? ಕಾಲಲ್ಲಿ ಜೀವ ಇಟ್ಕೊಂಡು ಒತ್ತಿ ಸಾಹುಕಾರ್ರೇ."

ರೊಸೌರಾಳೂ ನಕ್ಕಳು, ಅವನೂ ನಕ್ಕ. ಇನ್ನೊಮ್ಮೆ ಒತ್ತಿದ, ಮತ್ತೊಮ್ಮೆ ಒತ್ತಿದ. ಆಮೇಲೆ ನಗು ನಿಲ್ಲಿಸಿ ತನ್ನ ಬೂಟನ್ನೇ ನೋಡುತ್ತ ಕೂತ.

"ತಪ್ಪು ನಂದೇ," ಅಂದ. ಬೀದಿಗೇನು, ಪಕ್ಕದಲ್ಲಿದ್ದ ಅವಳಿಗೇ ಸರಿಯಾಗಿ ಕೇಳಲಿಲ್ಲ. ಸೋತ ಗಂಡಸಿಗೆ ಅಷ್ಟು ಮರ್ಯಾದೆ ಕೊಡೋಣ ಎಂದು ಅವಳು ಸುಮ್ಮನಾದಳು.

ಕೆಲವು ದಿನ ಅವನ ಸುಳಿವಿರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬಂದ. ಪೆಡಲು ಸ್ವಲ್ಪ ಮೆತ್ತಗಿದೆ ಅನ್ನಿಸುತ್ತದೆ, ಗಾಳಿ ಹೊಕ್ಕಿರಬಹುದೇ ನೋಡಿ ಎಂದ. ಅವಳು ನೋಡಿದಳು. ಗಾಳಿ ಇರಲಿಲ್ಲ. ಆದರೂ ನಿಪ್ಪಲಿಗೆ ಪೈಪ್ ಸಿಕ್ಕಿಸಿ ಕುಳಿತಳು. ಒತ್ತಿ, ಹಿಡ್ಕೊಳ್ಳಿ, ಬಿಡಿ.

ಹೀಗೇ ಶುರುವಾಯಿತು. ಪಾಸ್ತೊದಿಂದ ಹಿಂದಿರುಗುವಾಗಲೆಲ್ಲ ಗ್ಯಾರೇಜಿನ ಮುಂದೆ ಕೆಂಪು ಬೈಕು ನಿಲ್ಲುತ್ತಿತ್ತು. ಒಮ್ಮೆ ಸೀಬೆಹಣ್ಣು ತಂದ, ಒಮ್ಮೆ ಆಲೆಮನೆಯ ಕೊಪ್ಪರಿಗೆಯಿಂದ ಆಗಷ್ಟೇ ಇಳಿಸಿದ, ಇನ್ನೂ ಬೆಚ್ಚಗಿದ್ದ ಬೆಲ್ಲ ತಂದ. ಎಲ್ಲವನ್ನೂ ರೊಸೌರಾಳ ಕೈಗೆ ಕೊಟ್ಟು, ಕಣ್ಣನ್ನು ಮಾತ್ರ ಒಳಗೆ ಕಳಿಸುತ್ತಿದ್ದ. ಯಾಕೆ ಕುಂಟುತ್ತೀರಿ ಎಂದು ರೊಸೌರಾ ಕೇಳಿದರೆ ಹೊಸ ಬೂಟು ಕಚ್ಚುತ್ತಿದೆ ಅನ್ನುತ್ತಿದ್ದ.

"ಆ ಬ್ರೇಕಿಗೆ ಏನೂ ಆಗಿಲ್ಲ," ಎಂದು ತಾಯಿ ಒಂದು ದಿನ ಒಲೆಯ ಮುಂದೆ ಅಂದಳು. "ಆಗಿರೋದು ಸವಾರನಿಗೆ."

ಒಮೈರಾ ಕಾಫಿ ಸೋಸುತ್ತ ತಲೆ ಎತ್ತಲಿಲ್ಲ. ಮೂವತ್ತೆಂಟು ದಾಟಿದವಳು, ಗ್ರೀಸು ಹೋಗದ ಉಗುರಿನವಳು. ತನ್ನನ್ನು ಹುಡುಕಿಕೊಂಡು, ಇಲ್ಲದ ನೆಪ ಹೂಡಿಕೊಂಡು ಒಬ್ಬ ಬರುತ್ತಾನೆ ಎಂಬ ಮಾತನ್ನು ಅವಳು ಬಾಯಿಬಿಟ್ಟು ಯಾರಿಗೂ ಹೇಳುವಂತಿರಲಿಲ್ಲ. ಮರುದಿನ ಮಾತ್ರ ಪೆಟ್ಟಿಗೆಯ ತಳದಲ್ಲಿದ್ದ ಓಲೆಗಳು ಅವಳ ಕಿವಿಗೆ ಬಂದವು.

ಅವನು ಅದನ್ನು ನೋಡಿದ. ಆ ದಿನ ಆಯಿಲ್ ಡಬ್ಬಿ ಕೊಡಿ ಎಂದರೆ ಸ್ಪ್ಯಾನರ್ ಕೊಟ್ಟ, ಸ್ಪ್ಯಾನರ್ ಕೇಳಿದರೆ ಬಟ್ಟೆ ಕೊಟ್ಟ.

ಕಬ್ಬು ಕಡಿಯುವ ದಿನಗಳಲ್ಲಿ ಒಂದು ಮಧ್ಯಾಹ್ನ ಮತ್ತೆ ಅದೇ ಕೆಲಸ. ಈ ಸಲ ಆಯಿಲ್ ನಿಜವಾಗಿಯೂ ಕಪ್ಪಾಗಿತ್ತು. ಹಳೆಯದನ್ನು ಹೊರಹಾಕಿ ಹೊಸದನ್ನು ತುಂಬಬೇಕಿತ್ತು. ಅವಳು ಚಕ್ರದ ಬಳಿ, ಅವನು ಬೈಕಿನ ಮೇಲೆ.

"ಒತ್ತಿ. ಹಿಡ್ಕೊಳ್ಳಿ."

ಪೈಪಿನಲ್ಲಿ ಆಯಿಲ್ ಒಂದಿಷ್ಟು ಮುಂದೆ ಬಂದು, ಹಿಂದಕ್ಕೆ ಸರಿಯಿತು.

"ಹಿಡ್ಕೊಳ್ಳಿ ಅಂದೆನಲ್ಲ. ಬಿಟ್ರೆ ಗಾಳಿ ವಾಪಸ್ ಒಳಗೆ ಹೋಗುತ್ತೆ."

"ಹಿಡ್ಕೊಂಡೇ ಇದೀನಿ."

"ಎಲ್ಲಿ ಹಿಡ್ಕೊಂಡಿದೀರಿ?"

"ಹಿಡ್ಕೊಂಡಿದೀನಿ, ಒಮೈರಾ."

ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಆ ಖುಷಿಯಲ್ಲೇ ಅವಳು ಕತ್ತೆತ್ತಿ ನೋಡಿದಳು. ಅವನ ಬಲಗಾಲು ಪೆಡಲಿನ ಮೇಲೆ ಇರಲಿಲ್ಲ. ಪಕ್ಕಕ್ಕೆ ಜಾರಿ, ಬೂಟಿನ ತುದಿ ಗಾಳಿಯಲ್ಲಿ ತೂಗುತ್ತಿತ್ತು. ಅವನಿಗೆ ಅದು ಗೊತ್ತಿರಲಿಲ್ಲ. ಹಲ್ಲು ಕಚ್ಚಿ, ಹಣೆಯಲ್ಲಿ ಬೆವರು ಮೂಡಿಸಿಕೊಂಡು, ಮುಂದೆ ನೋಡುತ್ತ ಅವನು ಏನೂ ಇಲ್ಲದ ಕಡೆ ಒತ್ತುತ್ತಿದ್ದ.

ಅವಳು ಸ್ಪ್ಯಾನರ್ ಕೆಳಗಿಟ್ಟ ಸದ್ದಿಗೆ ಅವನು ಕೆಳಗೆ ನೋಡಿದ. ಆಮೇಲೆ ಅವಳನ್ನು ನೋಡಿದ.

ಅವನು ಹೇಳಿದ್ದು ಬಹಳ ಇಲ್ಲ. ಅವನ ಅಪ್ಪನಿಗೂ ಬಲಗಾಲಿನಿಂದಲೇ ಶುರುವಾಗಿತ್ತಂತೆ, ಅಣ್ಣನಿಗೂ ಹಾಗೆಯೇ. ರಕ್ತದಲ್ಲಿ ಬಂದ ಕಾಯಿಲೆ. ಮೊದಲು ಕಾಲು, ಆಮೇಲೆ ಕೈ, ಆಮೇಲೆ ನಾಲಿಗೆ. ಬುದ್ಧಿ ಮಾತ್ರ ಕೊನೆಯವರೆಗೂ ನೆಟ್ಟಗಿರುತ್ತದೆ. ಔಷಧಿ ಇಲ್ಲ.

ಅವನು ಹೋದ ಮೇಲೆ ಒಮೈರಾ ಓಲೆಗಳನ್ನು ಬಿಚ್ಚಿಟ್ಟಳು. ಅವನ ಕಾಯಿಲೆಗೆ ಅಳಬೇಕಾದವಳು ಮೊದಲು ನಾಚಿಕೆಯಿಂದ ಅತ್ತಳು. ಅವನು ಬರುತ್ತಿದ್ದುದು ಬ್ರೇಕಿಗಾಗಿಯೇ. ಪಾಪ, ಬ್ರೇಕ್ ಹಿಡಿಯದೆ ಹೆದರಿ ಬರುತ್ತಿದ್ದ ಮನುಷ್ಯ. ಅದನ್ನು ನಾನು ಏನೆಂದುಕೊಂಡೆ. ಕಾಲಲ್ಲಿ ಜೀವ ಇಟ್ಟುಕೊಂಡು ಒತ್ತಿ ಎಂದು ನಕ್ಕಿದ್ದೆ ಬೇರೆ.

ಮರುದಿನವೇ ಪಾಸ್ತೊಗೆ ಹೋಗಿ ಒಂದು ಪುಟ್ಟ ಮಾಸ್ಟರ್ ಸಿಲಿಂಡರ್ ಹುಡುಕಿ ತಂದಳು. ಅದನ್ನು ಎಡ ಹ್ಯಾಂಡಲಿಗೆ, ಕ್ಲಚ್ಚಿನ ಕೆಳಗೆ ಕೂರಿಸಿ, ಉದ್ದದ ಪೈಪ್ ಎಳೆದು, ಹಿಂದಿನ ಬ್ರೇಕನ್ನು ಕಾಲಿನಿಂದ ಕೈಗೆ ತಂದಳು. ಇನ್ನು ಹೆಬ್ಬೆರಳಿನಲ್ಲಿ ಒತ್ತಿದರೆ ಸಾಕು. ಅವನು ಇಗರ್ಜಿಯ ಚೌಕವನ್ನು ಒಂದು ಸುತ್ತು ಹಾಕಿ ಬಂದು ಅವಳ ಮುಂದೆ ಗಕ್ಕನೆ ನಿಲ್ಲಿಸಿ, ಮಗುವಿನ ಹಾಗೆ ನಕ್ಕ. ಆ ಭಾನುವಾರ ಇಬ್ಬರೂ ಪಕ್ಕದ ಊರು ಕೊನ್ಸಾಕಾದವರೆಗೆ ಹೋಗಿ, ದಾರಿಬದಿಯಲ್ಲಿ ಜೋಳದ ರೊಟ್ಟಿ, ಗಿಣ್ಣು ತಿಂದು, ಬಿಸಿ ಹಣ್ಣಿನ ಪಾನಕ ಕುಡಿದು ಬಂದರು. ಅವನ ಬೆನ್ನಿಗೆ ಕೆನ್ನೆ ಆನಿಸಿ ಕುಳಿತವಳಿಗೆ ಬೆಟ್ಟ ಹಿಂದೆ ಹಿಂದೆ ಸರಿದಂತೆ ಕಂಡಿತು.

ಅಂಥ ಭಾನುವಾರಗಳು ಕೆಲವು ಬಂದವು. ಆಮೇಲೆ ಅವನ ಹೆಬ್ಬೆರಳೂ ಮಾತು ಕೇಳುವುದನ್ನು ಬಿಟ್ಟಿತು.

ದೂರದ ಕಾಲಿ ನಗರದಲ್ಲಿದ್ದ ಅವನ ಅಕ್ಕ ನಿದಿಯಾ ಬಂದು ತನ್ನ ಮನೆಗೆ ಕರೆದಳು. ಒಮೈರಾ ಅವನಿಗೆ, ಇಲ್ಲೇ ಇರಿ, ನಮ್ಮ ಮನೆಯಲ್ಲೇ ಇರಿ ಎಂದು ನೇರವಾಗಿ ಹೇಳಿದಳು. ರೊಸೌರಾಳೂ ಹೇಳಿದಳು. ಅವನು ಒಪ್ಪಲಿಲ್ಲ. ಅವನ ತಾಯಿ ಅಪ್ಪನನ್ನು ಹಾಸಿಗೆಯಲ್ಲಿ ಮಗ್ಗುಲಿಂದ ಮಗ್ಗುಲಿಗೆ ಹೊರಳಿಸುತ್ತಲೇ ಮುದುಕಿಯಾದವಳು. ಅವಳು ನಕ್ಕದ್ದನ್ನು ಅವನು ಮದುವೆಯ ಫೋಟೋದಲ್ಲಿ ಮಾತ್ರ ನೋಡಿದ್ದ. ಇನ್ನೊಬ್ಬಳನ್ನು ಹಾಗೆ ನೋಡಲಾರೆ ಎಂದ. ಎಷ್ಟು ಜಗಳವಾಡಿದರೂ ಅವನ ಮಾತು ಅಲ್ಲಿಯೇ ನಿಂತಿತು.

ಹೊರಡುವ ದಿನ ನಿದಿಯಾ ಸಾಮಾನಿನ ಜೊತೆ ಜೀಪಿನಲ್ಲಿ ಮುಂದೆ ಹೋದಳು. ಅವನು ಬೈಕಿನಲ್ಲೇ ಹೋಗಬೇಕೆಂದ. ಒಮೈರಾ ಓಡಿಸಿದಳು. ಬೆಟ್ಟದ ತಿರುವುಗಳಲ್ಲಿ ಅವನ ತೋಳು ಅವಳ ಸೊಂಟದಿಂದ ಜಾರುತ್ತಿತ್ತು. ಅವಳು ಬೈಕು ನಿಲ್ಲಿಸಿ, ಕೊರಳಿನ ಶಾಲು ತೆಗೆದು ಇಬ್ಬರನ್ನೂ ಸೇರಿಸಿ ಬಿಗಿದು ಕಟ್ಟಿದಳು.

ಪಾಸ್ತೊ ಬಸ್ ನಿಲ್ದಾಣದಲ್ಲಿ ನಿದಿಯಾ ಟಿಕೆಟ್ ತರಲು ಹೋದಾಗ ಅವನು ಬೆಂಚಿನ ಮೇಲೆ ಕೂತು ಅಂದ:

"ಎರಡನೇ ಸಲ ಬಂದಿದ್ನಲ್ಲ, ಜಗಳ ಆಡ್ಕೊಂಡು. ಆವತ್ತೇ ನಂಗೆ ಗೊತ್ತಾಯ್ತು."

"ಏನು?"

"ನೀನು ಕೈಯಲ್ಲಿ ಒತ್ತಿದಾಗ ಚಕ್ರ ನಿಂತಿತು. ನಾನು ಒತ್ತಿದಾಗ ನಿಲ್ಲಲಿಲ್ಲ. ಅಪ್ಪನ ಕಾಲು ನೋಡಿ ಬೆಳೆದವನಿಗೆ ಡಾಕ್ಟರ್ ಬೇಕಾಗಿರ್ಲಿಲ್ಲ. ಆದ್ರೂ ಮರುದಿನ ಇಲ್ಲಿಗೆ ಬಂದು ತೋರಿಸ್ದೆ. ಅವರೂ ಅದನ್ನೇ ಹೇಳಿದ್ರು."

ಅವನು ನೀನು ಅಂದದ್ದನ್ನು ಅವಳು ಗಮನಿಸಿದ್ದು ಸ್ವಲ್ಪ ತಡವಾಗಿ. ಅದಕ್ಕಿಂತ ತಡವಾಗಿ ಉಳಿದದ್ದು ಅರ್ಥವಾಯಿತು.

"ಹಾಗಾದ್ರೆ ಆಮೇಲೆ ಬಂದಿದ್ದೆಲ್ಲ?"

"ಬ್ರೇಕ್ ಸರಿ ಇದೆ ಅಂತ ಗೊತ್ತಿದ್ದೇ ಬಂದಿದ್ದು."

"ಮತ್ತೆ ಯಾಕೆ ಬಂದೆ?"

"ನೀನು ಒತ್ತಿ ಅಂತಿದ್ದೆ. ಒತ್ತೋಕೆ ಆಗ್ತಾ ಇರೋವರೆಗೂ ಬರೋಣ ಅಂದ್ಕೊಂಡೆ." ಅವನು ನಗಲು ನೋಡಿದ. "ಆ ಓಲೆ ಹಾಕ್ಕೊಂಡ ದಿನ ಹೇಳಿಬಿಡ್ಬೇಕು ಅನ್ನಿಸ್ತು. ಹೇಳಿದ್ರೆ ನೀನು ಹೂಂ ಅಂತಿದ್ದೆ. ಅದೇ ಭಯ ಆಯ್ತು."

ಅವಳು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಮುತ್ತಿಟ್ಟಳು. ಸುತ್ತ ಜನ ಚೀಲ ಎತ್ತಿಕೊಂಡು ಓಡಾಡುತ್ತಿದ್ದರು. ಹಿಂದೆ ಸರಿದು, "ಈಗಲೂ ಹೂಂ ಅಂತೀನಿ. ಹೋಗ್ಬೇಡ," ಅಂದಳು.

ಅವನು ಆಗದೆಂದು ತಲೆಯಾಡಿಸಿದ. ನೋಡಲು ಬರಬೇಡ, ನೀನು ಬಂದರೂ ಬಾಗಿಲು ತೆಗೆಯಬೇಡವೆಂದು ಅಕ್ಕನಿಗೆ ಹೇಳಿದ್ದೇನೆ ಎಂದ. ನಿದಿಯಾ ಒಂದು ಕಡೆ, ಒಮೈರಾ ಒಂದು ಕಡೆ ಹಿಡಿದು ಅವನನ್ನು ಬಸ್ಸಿಗೆ ಹತ್ತಿಸಿದರು.

ಮರುವರ್ಷ ಒಮೈರಾ ಕಾಲಿ ನಗರಕ್ಕೆ ಹೋದಳು. ಆ ಸೆಕೆಯ ಊರಿನಲ್ಲಿ ಮನೆ ಹುಡುಕಲು ಅರ್ಧ ದಿನ ಹಿಡಿಯಿತು. ನಿದಿಯಾ ಗೇಟಿನ ಬಳಿಯೇ ಅತ್ತಳು. ಒಳಗೆ ಬಿಡುವಂತಿಲ್ಲ, ಮಾತು ಕೊಟ್ಟಿದ್ದೇನೆ ಎಂದಳು. ಅವನಿಗೆ ಈಗ ಮಾತಿಲ್ಲ, ಕಣ್ಣು ಮಾತ್ರ ಉಳಿದಿದೆ ಎಂದಳು.

ಬೀದಿಯ ಕಡೆಗೆ ಒಂದು ಕಿಟಕಿ ತೆರೆದಿತ್ತು, ಪರದೆ ಇಳಿಬಿಟ್ಟಿತ್ತು. ಒಮೈರಾ ಅದರ ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಯಾರನ್ನೂ ಕರೆಯದೆ, ತಾಯಿಯ ಜೊತೆ ಅಡುಗೆಮನೆಯಲ್ಲಿ ಮಾತಾಡುವ ಹಾಗೆ ಶುರುಮಾಡಿದಳು. ಅಮ್ಮನಿಗೆ ಕಣ್ಣು ಮಂಜಾಗಿದೆ, ಟೋಪಿಯ ಅಂಚು ಸೊಟ್ಟ ಬರುತ್ತದೆ. ಹೊಸದಾಗಿ ಟೋಪಿ ಕೊಳ್ಳಲು ಬರುವವನು ಚೌಕಾಸಿ ಜಾಸ್ತಿ ಮಾಡುತ್ತಾನೆ. ಈ ಸಲ ಕಬ್ಬಿಗೆ ಸಿಹಿ ಕಡಿಮೆ. ಬೆಟ್ಟ ಎರಡು ಸಲ ಹೊಗೆ ಉಗುಳಿತು, ಗ್ಯಾರೇಜಿನ ಮೇಲೆಲ್ಲ ಬೂದಿ. ಪರದೆ ಅಲುಗಲಿಲ್ಲ. ಒಳಗಿಂದ ಸದ್ದೂ ಇರಲಿಲ್ಲ.

ಬಿಸಿಲು ಇಳಿಯಿತು. ಮಾತು ಮುಗಿದಂತಾಗಿ ಅವಳು ಎದ್ದು ಬಟ್ಟೆ ಕೊಡವಿಕೊಂಡಳು. ಆಗ ನಿದಿಯಾ ಹೊರಗೆ ಬಂದಳು.

"ಸೊಳ್ಳೆ ಬರೋ ಹೊತ್ತಾಯ್ತು ಅಂತ ಕಿಟಕಿ ಹಾಕೋಕೆ ಹೋದೆ," ಅಂದಳು. "ಅವನು ಎರಡು ಸಲ ಕಣ್ಣು ಮುಚ್ಚಿ ತೆಗ್ದ. ಅಂದ್ರೆ ಹಾಕ್ಬೇಡ ಅಂತ."

ಕೊನೆಯ ಬಸ್ಸಿಗೆ ಇನ್ನು ಹೆಚ್ಚು ಹೊತ್ತಿರಲಿಲ್ಲ. ಒಮೈರಾ ಮತ್ತೆ ಮೆಟ್ಟಿಲ ಮೇಲೆ ಕೂತಳು. ಗೋಡೆಗೆ ತಲೆ ಆನಿಸಿ, ದನಿ ಸರಿಮಾಡಿಕೊಂಡು, ಹೇಳಲು ಇನ್ನೇನಿದೆ ಎಂದು ಯೋಚಿಸತೊಡಗಿದಳು.